ಪಂಚಾಯಿತಿ ಸೀಟು ಗುಡಿಯ ಮುಂದೆ ಹರಾಜಾದರೆ ನಮ್ಮ ವೋಟು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ನಾವು ಪರಿಶಿಷ್ಟ ಜಾತಿಯವರು. ಎರಡು ಎಕರೆ ಶೇಂಗಾ ಹೊಲವಿದೆ, ಉಳಿದ ದಿನಗಳಲ್ಲಿ ಕೂಲಿ. ಕಳೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಊರಿನ ಹಿರಿಯರು ಗುಡಿಯ ಮುಂದೆ ಸಭೆ ಸೇರಿಸಿ ಸೀಟುಗಳನ್ನು ಹರಾಜು ಹಾಕಿದರು. ಮೀಸಲು ಸೀಟನ್ನು ಕೂಡ ಬಿಡಲಿಲ್ಲ. ಹಣ ಗೋಪುರದ ಕೆಲಸಕ್ಕೆ ಹೋಯಿತು. ಬೇರೆ ಯಾರೂ ನಾಮಪತ್ರ ಹಾಕುವುದಿಲ್ಲ ಎಂದು ಎಲ್ಲರಿಂದಲೂ ದೇವರ ಮುಂದೆ ಆಣೆ ಮಾಡಿಸಿದರು. ಈ ಸಲ ನಮ್ಮ ವಾರ್ಡ್ ಪರಿಶಿಷ್ಟ ಜಾತಿ ಮಹಿಳೆಗೆ ಬರುತ್ತದೆಂದು ಸುದ್ದಿ. ನನ್ನ ಹೆಂಡತಿ ಪಿಯುಸಿ ಓದಿದ್ದಾಳೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾಳೆ. ಅವಳಿಗೆ ನಿಲ್ಲುವ ಮನಸ್ಸಿದೆ. ಮಾತು ಹೇಗೋ ಹೊರಬಿದ್ದು, ‘ಆಣೆ ಮುರಿದರೆ ದೇವರು ನೋಡಿಕೊಳ್ಳುತ್ತಾನೆ, ಬೋರ್‌ವೆಲ್ ನೀರನ್ನೂ ಕೂಲಿಯನ್ನೂ ನಾವು ನೋಡಿಕೊಳ್ಳುತ್ತೇವೆ’ ಎಂದು ಹೇಳಿ ಕಳುಹಿಸಿದ್ದಾರೆ. ಒಬ್ಬ ಯಜಮಾನರು, ‘ಹಿಂದೆ ಕಂದಾಯ ಕಟ್ಟುವವರಿಗೆ ಮಾತ್ರ ವೋಟಿತ್ತು, ಊರು ನೆಟ್ಟಗಿತ್ತು’ ಎನ್ನುತ್ತಾರೆ. ದಾವಣಗೆರೆಯಲ್ಲಿ ಕಾನೂನು ಓದುತ್ತಿರುವ ಮಗ, ಅಮೆರಿಕದಲ್ಲಿಯೂ ಕಪ್ಪು ಜನರ ವೋಟನ್ನು ಹೀಗೆಯೇ ಕಾಗದದ ಮೇಲೆ ಕೊಟ್ಟು ಕೈಯಿಂದ ಕಿತ್ತುಕೊಂಡಿದ್ದರು ಎನ್ನುತ್ತಾನೆ. ವೋಟು ಮೂಲಭೂತ ಹಕ್ಕೇ ಅಲ್ಲವೆಂದು ಪುಸ್ತಕದಲ್ಲಿದೆಯಂತೆ. ಹಾಗಾದರೆ ಊರೆಲ್ಲ ಒಪ್ಪಿ ಮಾಡಿದ ಹರಾಜು ತಪ್ಪು ಹೇಗೆ? ಎದುರು ನಿಂತರೆ ನಮ್ಮ ಗತಿ ಏನು?

ಉತ್ತರ: ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಪೂರ್ತಿ ಸುಳ್ಳನ್ನು ಕಟಕಟೆಯಲ್ಲಿ ಬೀಳಿಸುವುದು ಸುಲಭ, ಅರ್ಧ ನಿಜವೇ ಕಷ್ಟ.

ನಮ್ಮ ಸೀಮೆ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್‌ನಲ್ಲಿ, ದಸರಾ ಕಾಲಕ್ಕೆ, ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೊದಲ ಸಭೆಗೆ ಬಂದವರು 144 ಜನ. ಎಲ್ಲರೂ ಜಮೀನುದಾರರು, ವರ್ತಕರು. ಆ ಸಭೆಗೆ ಚುನಾವಣೆ ಶುರುವಾದದ್ದು ಹತ್ತು ವರ್ಷದ ಮೇಲೆ. ಆಗಲೂ ಇಷ್ಟು ಕಂದಾಯ ಕಟ್ಟಬೇಕು, ಇಲ್ಲವೇ ಪದವಿ ಇರಬೇಕು ಎಂಬ ಕಟ್ಟು ಇತ್ತು. 1923ರ ಕಾನೂನಿನಲ್ಲಿ ಹೆಂಗಸರಿಗೂ ಮತ ಕೊಟ್ಟರು. ಅಂದಿನ ಭಾರತದಲ್ಲಿ ಅದು ಸಣ್ಣ ಹೆಜ್ಜೆಯಲ್ಲ. ಆದರೆ ಆಸ್ತಿಯ ಷರತ್ತು ಹಾಗೇ ಉಳಿಯಿತು, ಆಸ್ತಿ ಎಷ್ಟು ಹೆಂಗಸರ ಹೆಸರಿನಲ್ಲಿತ್ತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷ್ ಪ್ರಾಂತ್ಯಗಳಲ್ಲಿಯೂ ಇದೇ ಕಥೆ. 1935ರ ಕಾಯ್ದೆಯ ನಂತರವೂ ವೋಟಿದ್ದವರು ಹತ್ತು ಜನರಲ್ಲಿ ಒಬ್ಬರೋ, ಸ್ವಲ್ಪ ಹೆಚ್ಚೋ.

ಹಾಗಾಗಿ ಯಜಮಾನರ ನೆನಪು ಸರಿ. ಊರು ನೆಟ್ಟಗಿತ್ತು ಎಂಬುದು ಮಾತ್ರ, ಯಾರ ಜಗುಲಿಯ ಮೇಲೆ ಕುಳಿತು ನೋಡುತ್ತೀರಿ ಎಂಬುದರ ಮೇಲೆ ನಿಂತಿದೆ.

ಇದು ಬದಲಾದದ್ದು ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 326ನೇ ವಿಧಿ ಲೋಕಸಭೆ, ವಿಧಾನಸಭೆಗಳಿಗೆ ವಯಸ್ಕ ಮತದಾನವೇ ಆಧಾರ ಎಂದಿತು. 325ನೇ ವಿಧಿ ಇನ್ನೂ ಮುಖ್ಯ: ಒಂದು ಕ್ಷೇತ್ರಕ್ಕೆ ಒಂದೇ ಮತದಾರರ ಪಟ್ಟಿ, ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ. ಆಗ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟು ಜನ. ಓದು ಬಲ್ಲವರಿಗೆ ಮಾತ್ರ ವೋಟು ಎಂದಿದ್ದರೆ ಐದರಲ್ಲಿ ನಾಲ್ಕು ಪಾಲು ಜನ ಹೊರಗುಳಿಯುತ್ತಿದ್ದರು. ಅದಕ್ಕೇ ಮೊದಲ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು, ಓದುವ ಗೋಜಿಲ್ಲ.

1951ರ ಅಕ್ಟೋಬರ್‌ನಿಂದ 1952ರ ಫೆಬ್ರುವರಿವರೆಗೆ ನಡೆದ ಆ ಚುನಾವಣೆಗೆ ಪಟ್ಟಿಯಲ್ಲಿದ್ದವರು ಹದಿನೇಳು ಕೋಟಿಗೂ ಹೆಚ್ಚು. ನಮ್ಮ ಚಿತ್ರದುರ್ಗದಿಂದ ಲೋಕಸಭೆಗೆ ಹೋದವರು ಎಸ್. ನಿಜಲಿಂಗಪ್ಪ, ಇದೇ ಊರಿನಲ್ಲಿ ವಕೀಲಿಕೆ ಮಾಡಿದವರು. ಆ ಪಟ್ಟಿ ತಯಾರಿಸುವಾಗ ಒಂದು ವಿಚಿತ್ರ ತೊಡಕು ಬಂತು. ಎಷ್ಟೋ ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಾಗೆ ಬರೆದ ನಮೂದು ನಡೆಯುವುದಿಲ್ಲ ಎಂದು ಹಟ ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರ ನಮೂದುಗಳನ್ನು ಹೊಡೆದುಹಾಕಬೇಕಾಯಿತು. ಆ ಕಠಿಣ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಮುಂದಿನ ಚುನಾವಣೆಯ ಹೊತ್ತಿಗೆ ಬಹುಪಾಲು ಹೆಸರುಗಳು ಬಂದವು. (ಇವತ್ತಿಗೂ ಮಹಿಳಾ ಮೀಸಲು ವಾರ್ಡಿನ ಫ್ಲೆಕ್ಸ್‌ನಲ್ಲಿ ಗಂಡನ ಮುಖ ಹೆಂಡತಿಯ ಮುಖಕ್ಕಿಂತ ದೊಡ್ಡದಾಗಿರುವುದನ್ನು ನೋಡಿದಾಗ ಸುಕುಮಾರ್ ಸೇನರು ನೆನಪಾಗುತ್ತಾರೆ.)

ಈಗ ನಿಮ್ಮ ಮಗನ ಮಾತಿಗೆ ಬರೋಣ. ಹುಡುಗ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾನೆ. ಆದರೆ ಅವನಿಗೆ ಹೊಳೆದಿರುವುದಕ್ಕಿಂತ ಹತ್ತಿರದ ಹೋಲಿಕೆಯೊಂದಿದೆ.

ಅಮೆರಿಕದಲ್ಲಿ ಗುಲಾಮಗಿರಿ ಹೋದ ಮೇಲೆ 1870ರಲ್ಲಿ ಸಂವಿಧಾನದ ಹದಿನೈದನೇ ತಿದ್ದುಪಡಿ ಬಂತು. ಜನಾಂಗದ ಕಾರಣಕ್ಕೆ ಯಾರ ಮತವನ್ನೂ ತಡೆಯುವಂತಿಲ್ಲ ಎಂಬುದು ಅದರ ತಿರುಳು. ದಕ್ಷಿಣದ ರಾಜ್ಯಗಳು ಆ ಮಾತನ್ನು ನೇರವಾಗಿ ಮುರಿಯಲಿಲ್ಲ, ಪಕ್ಕದಿಂದ ಕೊರೆದವು. ವೋಟು ಬೇಕಾದರೆ ತಲೆಗಂದಾಯ ಕಟ್ಟಬೇಕು ಎಂದವು. ಸಂವಿಧಾನದ ಒಂದು ಪರಿಚ್ಛೇದ ಓದಿ ನೋಂದಣಿ ಅಧಿಕಾರಿಗೆ ಒಪ್ಪಿಗೆಯಾಗುವಂತೆ ಅರ್ಥ ಹೇಳಬೇಕು ಎಂದವು. ಅಧಿಕಾರಿಗೆ ಯಾರ ಉತ್ತರ ಒಪ್ಪಿಗೆಯಾಗುತ್ತಿತ್ತು ಎಂಬುದು ಊಹಿಸಬಹುದಾದದ್ದೇ. ಇದು ಮಗ ಹೇಳಿದ ಭಾಗ.

ಹೇಳದೆ ಉಳಿದದ್ದು ಟೆಕ್ಸಾಸ್‌ನ ಕಥೆ. ಅಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಎದುರಾಳಿಯೇ ಇರಲಿಲ್ಲ. ಆ ಪಕ್ಷದ ಒಳಚುನಾವಣೆಯಲ್ಲಿ ಗೆದ್ದವನೇ ಕೊನೆಗೂ ಗೆಲ್ಲುತ್ತಿದ್ದ. ಪಕ್ಷ ಆ ಒಳಚುನಾವಣೆಗೆ ಬಿಳಿಯರನ್ನು ಮಾತ್ರ ಬಿಟ್ಟುಕೊಂಡಿತು. ನಿಜವಾದ ಚುನಾವಣೆಯ ದಿನ ಕಪ್ಪು ಮನುಷ್ಯ ವೋಟು ಹಾಕಬಹುದಿತ್ತು, ಆದರೆ ಆ ಹೊತ್ತಿಗೆ ಆರಿಸಲು ಏನೂ ಉಳಿದಿರುತ್ತಿರಲಿಲ್ಲ. ಕೇಳಿದರೆ, ನಾವು ಖಾಸಗಿ ಸಂಸ್ಥೆ, ನಮ್ಮ ಸದಸ್ಯರು ಯಾರೆಂಬುದು ನಮ್ಮಿಷ್ಟ ಎಂಬ ಉತ್ತರ. 1935ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಿಯೂ ಬಿಟ್ಟಿತು. ಹ್ಯೂಸ್ಟನ್ನಿನ ದಂತವೈದ್ಯ ಲಾನಿ ಸ್ಮಿತ್ ಮತ್ತೆ ಕೋರ್ಟಿಗೆ ಹೋದರು. ಅವರ ಪರವಾಗಿ ವಾದಿಸಿದವರಲ್ಲಿ, ಮುಂದೆ ಅದೇ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಇದ್ದರು. 1944ರಲ್ಲಿ ಕೋರ್ಟ್ ತನ್ನ ಹಳೆಯ ತೀರ್ಪನ್ನೇ ತಿದ್ದಿಕೊಂಡಿತು.

ಅಷ್ಟಕ್ಕೆ ಮುಗಿಯಲಿಲ್ಲ. ಅದೇ ಟೆಕ್ಸಾಸ್‌ನ ಫೋರ್ಟ್ ಬೆಂಡ್ ಎಂಬ ಕೌಂಟಿಯಲ್ಲಿ, ಕಬ್ಬು ಹತ್ತಿ ಬೆಳೆಯುವ ಸೀಮೆ ಅದು, 1889ರಿಂದಲೂ ಜೇಬರ್ಡ್ ಅಸೋಸಿಯೇಷನ್ ಎಂಬ ಸಂಘವಿತ್ತು. ಇದು ಪಕ್ಷವೂ ಅಲ್ಲ. ಪಕ್ಷದ ಒಳಚುನಾವಣೆಗೂ ಮೊದಲು ಊರ ಬಿಳಿಯರೆಲ್ಲ ಸೇರಿ, ಈ ಸಲ ಯಾರು ನಿಲ್ಲಬೇಕು ಎಂದು ತಮ್ಮೊಳಗೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಹಾಗೆ ಆರಿಸಿದವನಿಗೆ ಮುಂದೆ ಸಾಮಾನ್ಯವಾಗಿ ಎದುರಾಳಿಯೇ ಇರುತ್ತಿರಲಿಲ್ಲ. ಅರವತ್ತು ವರ್ಷ ಹೀಗೆ ನಡೆಯಿತು. ಸಂಘದ ವಕೀಲರು ಹೇಳಿದ್ದು: ನಮಗೂ ಸರ್ಕಾರಕ್ಕೂ ಸಂಬಂಧವಿಲ್ಲ, ಸರ್ಕಾರದ ದುಡ್ಡಿಲ್ಲ, ಸರ್ಕಾರದ ಪೆಟ್ಟಿಗೆಯಿಲ್ಲ, ಇದು ನಮ್ಮ ಮನೆಯ ಮಾತು. 1953ರಲ್ಲಿ ಟೆರ್ರಿ ವಿರುದ್ಧ ಆಡಮ್ಸ್ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ, ಒಬ್ಬರು ಮಾತ್ರ ಒಪ್ಪಿದರು. ನಿಜವಾದ ಆಯ್ಕೆ ಎಲ್ಲಿ ನಡೆಯುತ್ತದೋ ಚುನಾವಣೆ ಅಲ್ಲಿಯೇ ನಡೆದಂತೆ, ಅದರಿಂದ ಜನರನ್ನು ಜನಾಂಗ ನೋಡಿ ಹೊರಗಿಟ್ಟರೆ ಹದಿನೈದನೇ ತಿದ್ದುಪಡಿಯನ್ನು ಮುರಿದಂತೆ ಎಂಬುದು ತೀರ್ಪಿನ ಸಾರ.

ನಿಮ್ಮ ಗುಡಿಯ ಮುಂದಿನ ಸಭೆಯನ್ನು ಈ ಜೇಬರ್ಡ್ ಸಂಘದ ಪಕ್ಕದಲ್ಲಿ ಇಟ್ಟು ನೋಡಿ. ಮತಗಟ್ಟೆಯಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಚುನಾವಣಾಧಿಕಾರಿ ತಪ್ಪು ಮಾಡಲಿಲ್ಲ. ಒಂದೇ ನಾಮಪತ್ರ ಬಂದಿತ್ತು, ಅವಿರೋಧ ಆಯ್ಕೆ ಎಂದು ಘೋಷಿಸಿದರು. ಕಾಗದ ಶುದ್ಧವಾಗಿದೆ. ನಿಮ್ಮ ವೋಟು ಹೋದದ್ದು ಅದಕ್ಕೂ ಎರಡು ವಾರ ಮೊದಲು, ಸರ್ಕಾರದವರು ಯಾರೂ ಇಲ್ಲದ ಜಾಗದಲ್ಲಿ.

ನಿಮ್ಮದು ಮೀಸಲು ಸೀಟಾಗಿರುವುದರಿಂದ ಇದಕ್ಕೆ ಇನ್ನೊಂದು ಪದರವಿದೆ. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿತು. ಗಾಂಧೀಜಿ ಉಪವಾಸ ಕುಳಿತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಯಿತು, ಬದಲಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು 148ಕ್ಕೆ ಏರಿದವು. ಶಾಲೆಯಲ್ಲಿ ಇಷ್ಟನ್ನೇ ಓದುತ್ತೇವೆ. ಒಪ್ಪಂದದಲ್ಲಿ ಇನ್ನೊಂದು ಅಂಶವಿತ್ತು: ಪ್ರತಿ ಮೀಸಲು ಸ್ಥಾನಕ್ಕೂ ಮೊದಲು ಆ ವರ್ಗದ ಮತದಾರರು ಮಾತ್ರ ಸೇರಿ ನಾಲ್ವರನ್ನು ಆರಿಸಬೇಕು, ಆಮೇಲೆ ಎಲ್ಲ ಮತದಾರರೂ ಆ ನಾಲ್ವರಲ್ಲಿ ಒಬ್ಬರನ್ನು ಆರಿಸಬೇಕು. ಅಂಬೇಡ್ಕರರ ಅಳುಕು ಏನೆಂಬುದು ಇದರಲ್ಲಿ ಕಾಣುತ್ತದೆ. ಸೀಟು ನಮ್ಮವರಿಗೆ, ಆದರೆ ನಮ್ಮವರಲ್ಲಿ ಯಾರು ಎಂದು ತೀರ್ಮಾನಿಸುವವರು ಬೇರೆಯವರಾದರೆ, ಕುಳಿತವನು ಯಾರ ಮಾತು ಕೇಳುತ್ತಾನೆ? ಗಣರಾಜ್ಯದ ಸಂವಿಧಾನದಲ್ಲಿ ಆ ಒಳಚುನಾವಣೆ ಉಳಿಯಲಿಲ್ಲ, ಎಲ್ಲರೂ ಸೇರಿ ಆರಿಸುವ ಮೀಸಲು ಸ್ಥಾನ ಮಾತ್ರ ಉಳಿಯಿತು. ನಿಮ್ಮ ಊರಿನಲ್ಲಿ ಒಳಚುನಾವಣೆ ತಲೆಕೆಳಗಾಗಿ ಮರಳಿ ಬಂದಿದೆ: ಮೀಸಲು ಸೀಟಿಗೆ ನಿಮ್ಮವರಲ್ಲಿ ಯಾರು ಎಂಬುದನ್ನು ನಿಮ್ಮವರಲ್ಲದವರು ಹರಾಜಿನಲ್ಲಿ ಗೊತ್ತು ಮಾಡುತ್ತಿದ್ದಾರೆ.

ವೋಟು ಮೂಲಭೂತ ಹಕ್ಕಲ್ಲ ಎಂಬ ವಿಷಯವನ್ನು ಬೇಗ ಮುಗಿಸುತ್ತೇನೆ. 1952ರಲ್ಲಿ ಪೊನ್ನುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮತ ಹಾಕುವ ಮತ್ತು ಸ್ಪರ್ಧಿಸುವ ಹಕ್ಕು ಕಾಯ್ದೆಯಿಂದ ಹುಟ್ಟಿದ್ದು, ಕಾಯ್ದೆ ಹೇಳಿದ ದಾರಿಯಲ್ಲೇ ಅದಕ್ಕೆ ಪರಿಹಾರ ಹುಡುಕಬೇಕು ಎಂದಿತು. ಆಮೇಲಿನ ಪೀಠಗಳು ಇದನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿವೆ. 2003ರ ತೀರ್ಪೊಂದು, ಮತಗಟ್ಟೆಯೊಳಗೆ ಯಾರನ್ನು ಆರಿಸುತ್ತೇನೆ ಎಂಬುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದಿತು. ಅದರ ಮೇಲೆ ಕಟ್ಟಿದ ವಾದದಿಂದಲೇ 2013ರಲ್ಲಿ ನೋಟಾ ಬಂತು. ಪರೀಕ್ಷೆಗೆ ಓದುವ ಮಗನಿಗೆ ಈ ಜಿಜ್ಞಾಸೆ ಬೇಕು. ನಿಮಗೆ ಬೇಕಾದದ್ದು ಇಷ್ಟು: ಕಾಯ್ದೆಯಿಂದ ಬಂದ ಹಕ್ಕನ್ನು ಕಾಯ್ದೆ ಮಾತ್ರ ತೆಗೆಯಬಹುದು, ಗುಡಿಯ ಕಟ್ಟೆಯ ಮೇಲೆ ಕುಳಿತವರು ತೆಗೆಯಲಾಗದು. ನಿಮ್ಮ ಜಮೀನಿನ ಪಹಣಿ ಕೂಡ ಕಾಯ್ದೆಯಿಂದಲೇ ಬಂದದ್ದು, ಅದನ್ನು ಊರವರು ಒಪ್ಪಿ ಹರಾಜು ಹಾಕಬಹುದೇ?

ಈಗ, ಊರೆಲ್ಲ ಒಪ್ಪಿದರೆ ತಪ್ಪೇನು ಎಂಬ ಪ್ರಶ್ನೆ. ಅವಿರೋಧ ಆಯ್ಕೆ ತಪ್ಪಲ್ಲ. ಜನ ಕುಳಿತು ಮಾತಾಡಿ, ಈ ಹೆಣ್ಣುಮಗಳು ಯೋಗ್ಯಳು, ನಾವು ಎದುರು ನಿಲ್ಲುವುದಿಲ್ಲ ಎಂದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹಣವೋ ಬೆದರಿಕೆಯೋ ನಡುವೆ ಬಂದ ಕ್ಷಣ ಅದರ ಜಾತಕ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 169ನೇ ಕಲಂ ‘ಚುನಾವಣಾ ಹಕ್ಕು’ ಎಂದರೆ ಮತ ಹಾಕುವುದಷ್ಟೇ ಅಲ್ಲ, ನಿಲ್ಲುವುದು, ನಿಲ್ಲದಿರುವುದು, ನಾಮಪತ್ರ ಹಿಂದಕ್ಕೆ ಪಡೆಯುವುದು ಎಲ್ಲವೂ ಎನ್ನುತ್ತದೆ. 170ನೇ ಕಲಮಿನಂತೆ ಇವುಗಳಲ್ಲಿ ಯಾವುದಕ್ಕಾದರೂ ಪ್ರೇರೇಪಿಸಲು ಯಾರಿಗೇ ಏನನ್ನೇ ಕೊಟ್ಟರೂ ಲಂಚ. ಹಣ ನಿಮ್ಮ ಜೇಬಿಗೆ ಬರಲಿಲ್ಲ, ಗೋಪುರಕ್ಕೆ ಹೋಯಿತು ಎಂಬ ಸಮರ್ಥನೆ ಇಲ್ಲಿ ನಿಲ್ಲುವುದು ಕಷ್ಟ.

ಆಣೆಯ ಬಗ್ಗೆ ನಿಮಗೆ ಆಶ್ಚರ್ಯವಾಗಬಹುದು. 171ನೇ ಕಲಮಿನಲ್ಲಿ ‘ಅನುಚಿತ ಪ್ರಭಾವ’ದ ವಿವರಣೆಯಿದೆ. ನೀನು ಹೀಗೆ ಮಾಡದಿದ್ದರೆ ದೈವದ ಕೋಪಕ್ಕೆ ಗುರಿಯಾಗುತ್ತೀ ಎಂದು ಅಭ್ಯರ್ಥಿಯನ್ನಾಗಲಿ ಮತದಾರರನ್ನಾಗಲಿ ನಂಬಿಸುವುದು ಅದರೊಳಗೆ ಹೆಸರು ಹೇಳಿಯೇ ಬರುತ್ತದೆ. ಇದು ಹೊಸದೇನಲ್ಲ, ಹಳೆಯ ದಂಡ ಸಂಹಿತೆಯ 171ಸಿ ಯಲ್ಲಿಯೂ ಇತ್ತು. ಗುಡಿಯ ಮುಂದೆ ಅಕ್ಕಿಕಾಳು ಹಿಡಿಸುವ ಉಪಾಯ ನಮ್ಮ ಊರುಗಳಲ್ಲಿ ಮಾತ್ರ ಇರಲಿಲ್ಲ ಎಂದಾಯಿತು. ಲಂಚಕ್ಕೂ ಅನುಚಿತ ಪ್ರಭಾವಕ್ಕೂ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ.

ಇಲ್ಲೊಂದು ಕಹಿ ಸತ್ಯವಿದೆ. ಈ ಅಪರಾಧಗಳು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವಂತಿಲ್ಲ. ಠಾಣೆಗೆ ಹೋದರೆ ಒಂದು ಹಿಂಬರಹ ಕೊಟ್ಟು ಕಳುಹಿಸುತ್ತಾರೆ. ಜನ ಅದನ್ನು ಕೈಯಲ್ಲಿ ಹಿಡಿದುಕೊಂಡು ಪೊಲೀಸರೂ ಕೈಬಿಟ್ಟರು ಎಂದು ನನ್ನ ಬಳಿ ಬಂದಿದ್ದಾರೆ. ಕೈಬಿಟ್ಟದ್ದಲ್ಲ, ಅದು ಮುಂದಿನ ಬಾಗಿಲಿನ ಚೀಟಿ. ಅದನ್ನು ಹಿಡಿದು ಮ್ಯಾಜಿಸ್ಟ್ರೇಟರ ಬಳಿ ಅನುಮತಿ ಕೇಳಬೇಕು.

ನಿಮ್ಮ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಕಾನೂನಿದೆ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 3(1)ನೇ ಕಲಮಿನ ‘ಎಲ್’ ಖಂಡ ಪರಿಶಿಷ್ಟರನ್ನು ನಾಮಪತ್ರ ಹಾಕದಂತೆ, ಹಾಕಿದ್ದನ್ನು ಹಿಂತೆಗೆಯುವಂತೆ, ಪರಿಶಿಷ್ಟ ಅಭ್ಯರ್ಥಿಗೆ ಸೂಚಕರಾಗದಂತೆ ಬಲವಂತ ಮಾಡುವುದನ್ನು ಅಪರಾಧ ಎನ್ನುತ್ತದೆ. ಗೆದ್ದ ಸದಸ್ಯರ ಕೆಲಸಕ್ಕೆ ಅಡ್ಡಿ ಮಾಡುವುದು ‘ಎಂ’, ಮತದಾನದ ಮೇಲೆ ಹಗೆ ಸಾಧಿಸುವುದು ‘ಎನ್’. ನೀರು, ಕೂಲಿ ನಿಲ್ಲಿಸುತ್ತೇವೆ ಎಂಬ ಬೆದರಿಕೆ ಸಾಮಾಜಿಕ, ಆರ್ಥಿಕ ಬಹಿಷ್ಕಾರಕ್ಕೆ ಸಂಬಂಧಿಸಿದ ಖಂಡದೊಳಗೆ ಬರುತ್ತದೆ. ಬಹಿಷ್ಕಾರ ಹಾಕಿಯೇ ಆಗಬೇಕೆಂದಿಲ್ಲ, ಬೆದರಿಸಿದರೂ ಸಾಕು. ಇವು ಸಂಜ್ಞೇಯ ಅಪರಾಧಗಳು, ಪೊಲೀಸರು ದೂರು ದಾಖಲಿಸಲೇಬೇಕು, ತನಿಖೆ ಡಿವೈಎಸ್‌ಪಿ ದರ್ಜೆಯವರಿಂದ ನಡೆಯಬೇಕು. ಒಂದು ಎಚ್ಚರಿಕೆ: ಬೆದರಿಸಿದವರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರೇ ಆಗಿದ್ದರೆ ಈ ಕಾಯ್ದೆ ಅವರಿಗೆ ಅನ್ವಯಿಸದು. ನಮ್ಮ ಜಿಲ್ಲೆಯ ಊರುಗಳಲ್ಲಿ ಯಜಮಾನಿಕೆ ಒಂದೇ ಸಮುದಾಯದ ಕೈಯಲ್ಲಿಲ್ಲ. ಆದ್ದರಿಂದ ಯಾರು, ಯಾವಾಗ, ಏನೆಂದರು ಎಂಬುದನ್ನು ಒಬ್ಬೊಬ್ಬರಾಗಿ ಬರೆದಿಟ್ಟುಕೊಳ್ಳಿ. ‘ಊರವರು’ ಎಂದು ಬರೆದ ದೂರು ನಿಲ್ಲುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳನ್ನು ಹೇಳುತ್ತೇನೆ. ಯಾವುದೂ ಹೂವಿನ ಹಾದಿಯಲ್ಲ.

ಮೊದಲ ದಾರಿ, ಹರಾಜಿನ ಸಭೆ ನಡೆಯುವ ಮುಂಚೆಯೇ ಲಿಖಿತ ದೂರು ಕೊಡುವುದು. ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ದೆಹಲಿಯ ಆಯೋಗಕ್ಕೂ ಇದಕ್ಕೂ ಸಂಬಂಧವಿಲ್ಲ, ಅಲ್ಲಿಗೆ ಬರೆದು ಕಾಯುತ್ತಾ ಕುಳಿತವರನ್ನು ಕಂಡಿದ್ದೇನೆ. ಜಿಲ್ಲೆಯಲ್ಲಿ ಆ ಆಯೋಗದ ಕೈ ಎಂದರೆ ಜಿಲ್ಲಾಧಿಕಾರಿ, ತಾಲ್ಲೂಕಿನಲ್ಲಿ ತಹಶೀಲ್ದಾರ್. ಇಬ್ಬರಿಗೂ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಆಯೋಗಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪ್ರತಿ ಕಳುಹಿಸಿ. ಇದರಿಂದ ಏನಾಗುತ್ತದೆ ಎಂದು ಅನುಮಾನಪಡಬೇಡಿ. ಮಹಾರಾಷ್ಟ್ರದಲ್ಲಿ 2021ರ ಜನವರಿಯಲ್ಲಿ ನಾಸಿಕ್ ಜಿಲ್ಲೆಯ ಉಮ್ರಾಣೆ, ನಂದುರ್‌ಬಾರ್ ಜಿಲ್ಲೆಯ ಖೋಂಡಾಮಳಿ ಗ್ರಾಮಗಳ ಚುನಾವಣೆಯನ್ನು ಅಲ್ಲಿನ ರಾಜ್ಯ ಆಯೋಗ ಹರಾಜಿನ ಕಾರಣಕ್ಕೆ ರದ್ದು ಮಾಡಿತು. ಹರಾಜಿನ ವಿಡಿಯೊ ಹೊರಬಿದ್ದದ್ದೇ ಅದಕ್ಕೆ ದಾರಿಯಾಯಿತು. ನೀವು ಹಾಜರಿರುವ ಸಭೆಯನ್ನು ನಿಮ್ಮ ಮೊಬೈಲಿನಲ್ಲಿ ಚಿತ್ರೀಕರಿಸಬಹುದು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹಂಚಿ ಮೂಲ ಕಡತವನ್ನು ಅಳಿಸಿಬಿಡಬೇಡಿ. ನ್ಯಾಯಾಲಯ ಕೇಳುವುದು ಮೂಲ ಮೊಬೈಲನ್ನು ಮತ್ತು ಸಾಕ್ಷ್ಯ ಕಾಯ್ದೆಯಂತೆ ಅದಕ್ಕೊಂದು ಪ್ರಮಾಣಪತ್ರವನ್ನು. ಅಪಾಯ? ದೂರು ಕೊಟ್ಟವರು ಯಾರೆಂಬುದು ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಗೊತ್ತಾಗುವುದಿಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಎರಡನೆಯದು, ಹರಾಜನ್ನು ಲೆಕ್ಕಿಸದೆ ನಾಮಪತ್ರ ಹಾಕುವುದು. ಒಂದು ಹೆಚ್ಚಿನ ನಾಮಪತ್ರ ಉಳಿದುಕೊಂಡರೂ ಅವಿರೋಧ ಎಂಬ ಮಾತು ಬಿದ್ದುಹೋಗುತ್ತದೆ, ಮತದಾನ ನಡೆಯಲೇಬೇಕು. ಮತದಾನ ಗುಟ್ಟು. ಗುಡಿಯ ಮುಂದೆ ತಲೆಯಾಡಿಸಿದ ಎಷ್ಟೋ ಜನ ಪರದೆಯ ಹಿಂದೆ ತಮಗೆ ಬೇಕಾದವರಿಗೆ ಒತ್ತುತ್ತಾರೆ. ನನ್ನ ಮೂವತ್ತು ವರ್ಷದ ವಕೀಲಿಕೆಯಲ್ಲಿ ನಾಮಪತ್ರ ಹಾಕಿದವರು ಸೋತದ್ದಕ್ಕಿಂತ ಹಿಂತೆಗೆದದ್ದೇ ಹೆಚ್ಚು. ನಾಮಪತ್ರ ಹಾಕಿದ ದಿನದಿಂದ ಹಿಂತೆಗೆಯುವ ಕೊನೆಯ ಗಂಟೆಯವರೆಗಿನ ಎರಡು ಮೂರು ದಿನಗಳೇ ಗಂಡಾಂತರದ ದಿನಗಳು. ಆಗ ನಿಮ್ಮ ಹೆಂಡತಿ ಮನೆಯಲ್ಲಿ ಒಬ್ಬರೇ ಇರುವುದು ಬೇಡ. ಖಾಲಿ ಕಾಗದಕ್ಕೂ, ಅರ್ಜಿಯ ನಮೂನೆಗೂ, ‘ಸುಮ್ಮನೆ ಇಟ್ಟುಕೊಂಡಿರುತ್ತೇವೆ’ ಎಂಬ ಮಾತಿಗೂ ಸಹಿ ಹಾಕಬಾರದು. ಸೂಚಕರನ್ನು ಆರಿಸುವಾಗ ಸಾಲ ಇಲ್ಲದವರನ್ನು ನೋಡಿ. ಹೇಳಲು ಮುಜುಗರವೇ, ಆದರೆ ಬಹಳಷ್ಟು ಸೂಚಕರು ಹಿಂದೆ ಸರಿಯುವುದು ಕೈಸಾಲದ ಕಾರಣಕ್ಕೆ.

ಫಲಿತಾಂಶ ಬಂದ ಮೇಲಿನ ದಾರಿ ಚುನಾವಣಾ ಅರ್ಜಿ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ 15ನೇ ಕಲಮಿನಂತೆ ಅಭ್ಯರ್ಥಿಯೇ ಆಗಿರಬೇಕೆಂದಿಲ್ಲ, ಮತದಾರರೂ ಸಲ್ಲಿಸಬಹುದು. ಗಡುವು ಮೂವತ್ತು ದಿನ. ಹಿಂದೊಮ್ಮೆ ಒಬ್ಬರು ಒಳ್ಳೆಯ ಸಾಕ್ಷ್ಯ ಹಿಡಿದು ನಲವತ್ತೊಂದನೇ ದಿನ ಬಂದರು. ಅಷ್ಟು ದಿನ ಊರಿನ ರಾಜಿ ಪಂಚಾಯಿತಿಯ ಮಾತು ನಂಬಿ ಕುಳಿತಿದ್ದರಂತೆ. ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಈ ದಾರಿಯ ಇನ್ನೊಂದು ದೋಷ ಸಮಯ. ಅವಧಿ ಐದು ವರ್ಷ, ಪ್ರಕರಣ ಮುಗಿಯುವ ಹೊತ್ತಿಗೆ ಅದರಲ್ಲಿ ಎಷ್ಟು ಉಳಿದಿರುತ್ತದೋ ಹೇಳಲಾಗದು. ಚುನಾವಣೆ ನಡೆಯುತ್ತಿರುವಾಗಲೇ ಹೈಕೋರ್ಟಿಗೆ ಹೋಗೋಣ ಎಂದು ಮಗ ಹೇಳಬಹುದು. ಸಂವಿಧಾನದ 243-ಓ ವಿಧಿ ಆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿದೆ.

ದೌರ್ಜನ್ಯ ತಡೆ ಕಾಯ್ದೆಯ ದೂರು ಇವೆಲ್ಲದರ ಜೊತೆಗೆ ನಿಲ್ಲುವ ಅಸ್ತ್ರ.